ಗದ್ದೆಗೂ ಬೇಕೇ ಹವಾಮಾನದ ಮಾರ್ಕ್ಸ್ ಕಾರ್ಡ್?

ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಹಸಿರುಮನೆ ಅನಿಲವನ್ನು 2030ರೊಳಗೆ 2005ರ ಮಟ್ಟಕ್ಕಿಂತ ಶೇ. 45ರಷ್ಟು ಇಳಿಸುತ್ತೇವೆ ಎಂದು ಭಾರತ 2022ರಲ್ಲಿ ಜಗತ್ತಿಗೆ ಮಾತು ಕೊಟ್ಟಿತು. ಕರೆಂಟಿಗೂ ಒಂದು ಗುರಿ ಹಾಕಿಕೊಂಡಿತು. ಕೃಷಿಗೆ ಮಾತ್ರ ಅಂಥ ಅಂಕಿ ಇಲ್ಲ. ಇರಬೇಕೇ? ಮುಂಬೈಯ ಇಬ್ಬರು ಕನ್ನಡಿಗರನ್ನು ಕೇಳಿದೆವು.

ಪರ: ಪುಸ್ತಕ ಇಲ್ಲದೆ ಸಾಲ ಇಲ್ಲ
(ಬರೆದವರು ಡೊಂಬಿವಲಿಯ ನಿವೃತ್ತ ಬ್ಯಾಂಕ್ ಅಧಿಕಾರಿ)

ಈ ಪಕ್ಷ ನಾನು ಕೇಳಿ ತೆಗೆದುಕೊಂಡದ್ದಲ್ಲ. "ನೀವು ಬ್ಯಾಂಕಿನವರು, ಲೆಕ್ಕದ ಪರವಾಗಿ ನೀವೇ ಬರೆಯಿರಿ" ಎಂದರು. ಆಯಿತು ಎಂದೆ. ಮೂವತ್ತು ವರ್ಷ ಲೋಕಲ್‌ನಲ್ಲಿ ನೇತಾಡಿಕೊಂಡು ಫೋರ್ಟಿಗೆ ಹೋಗಿ ಕೃಷಿ ಸಾಲದ ಫೈಲು ನೋಡಿದವನಿಗೆ ಇಷ್ಟಾದರೂ ಬರಬೇಕಲ್ಲ.

ಮೊದಲು ಅಂಕಿ. 2024ರ ಡಿಸೆಂಬರ್‌ನಲ್ಲಿ ಭಾರತ ವಿಶ್ವಸಂಸ್ಥೆಗೆ ಕೊಟ್ಟ ವರದಿಯಲ್ಲಿ 2020ರ ಲೆಕ್ಕ ಇದೆ. ನಮ್ಮ ಹಸಿರುಮನೆ ಅನಿಲದಲ್ಲಿ ಇಂಧನದ ಪಾಲು ಸುಮಾರು ಶೇ. 76, ಕೃಷಿಯದು ಸುಮಾರು ಶೇ. 14. ಕೃಷಿಯ ಪಾಲಿನಲ್ಲಿ ದೊಡ್ಡದು ದನ, ಎಮ್ಮೆಗಳ ಹೊಟ್ಟೆಯಿಂದ ಬರುವ ಮೀಥೇನ್. ಅದು ಬಿಟ್ಟರೆ ನೀರು ನಿಂತ ಭತ್ತದ ಗದ್ದೆ, ರಸಗೊಬ್ಬರ. ಅಂದರೆ ಲೆಕ್ಕ ಈಗಾಗಲೇ ಇದೆ. ಇಲ್ಲದಿರುವುದು ಗುರಿ.

ಮೀಥೇನನ್ನು 2030ರೊಳಗೆ ಶೇ. 30 ತಗ್ಗಿಸುವ ಒಪ್ಪಂದ 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಬಂತು. ಆಹಾರ ಮತ್ತು ಕೃಷಿಯ ಘೋಷಣೆ 2023ರಲ್ಲಿ ದುಬೈ ಸಮ್ಮೇಳನದಲ್ಲಿ ಬಂತು. ಎರಡಕ್ಕೂ ನಾವು ಸಹಿ ಹಾಕಲಿಲ್ಲ. ಕಾರಣಗಳಿವೆ. ಅವನ್ನು ಎದುರು ಬರೆಯುವವರು ಹೇಳಲಿ, ಅವರ ಕೆಲಸ ನಾನ್ಯಾಕೆ ಮಾಡಲಿ?

ನನಗೆ ದನದ ತೇಗು, ಗೊಬ್ಬರಕ್ಕಿಂತ ಇನ್ನೊಂದು ವಿಷಯ ಮುಖ್ಯ. ಹವಾಮಾನದ ಪೆಟ್ಟು ತಡೆಯಲು ಕೃಷಿ, ನೀರು, ಕರಾವಳಿ ಇಂಥ ಕಡೆ ಹೆಚ್ಚು ಹಣ ಹಾಕುತ್ತೇವೆ ಎಂದು 2015ರಲ್ಲೇ ಬರೆದುಕೊಟ್ಟಿದ್ದೇವೆ. ಎಷ್ಟು? ಯಾವಾಗ? ಅದರಲ್ಲಿಲ್ಲ. 2022ರ ಮಾರ್ಚ್‌ನಲ್ಲಿ ಬಿಸಿಲು ಮುಂಚೆಯೇ ಏರಿ ಉತ್ತರದ ಗೋಧಿ ಕಾಳು ಕಟ್ಟುವ ಹೊತ್ತಿಗೆ ಸೊರಗಿತು. ಮೇ 13ಕ್ಕೆ ರಫ್ತು ನಿಲ್ಲಿಸಬೇಕಾಯಿತು. ಸುಸ್ಥಿರ ಕೃಷಿಯ ರಾಷ್ಟ್ರೀಯ ಮಿಷನ್ ಇದೆ, ಹವಾಮಾನಕ್ಕೆ ತಾಳುವ ಬೇಸಾಯಕ್ಕೆಂದು ಕೃಷಿ ಸಂಶೋಧನಾ ಮಂಡಳಿ 2011ರಲ್ಲಿ ಶುರು ಮಾಡಿದ ಯೋಜನೆಯೂ ಇದೆ. ಅವು ಪಾಸೋ ಫೇಲೋ? ಪ್ರಶ್ನೆಪತ್ರಿಕೆಯೇ ಇಲ್ಲದ ಪರೀಕ್ಷೆಗೆ ಏನು ಹೇಳುವುದು! ನಾಳೆ ರೈತನಿಗಾಗಿ ಹೊರಗಿನ ನಿಧಿ ಕೇಳಲು ಹೋದರೆ ಕೊಡುವವರು ಮೊದಲು ಲೆಕ್ಕದ ಪುಸ್ತಕ ತೋರಿಸಿ ಅನ್ನುತ್ತಾರೆ. ನಾನಾದರೂ ಅದನ್ನೇ ಕೇಳುತ್ತಿದ್ದೆ.

ಒಂದು ಮಾತು ಮುಚ್ಚಿಡಬಾರದು. ಬ್ಯಾಂಕುಗಳು ಸಾಲದ ಶೇ. 18ರಷ್ಟು ಕೃಷಿಗೆ ಕೊಡಬೇಕೆಂಬ ಗುರಿ ಇದೆ. ನಮ್ಮ ಶಾಖೆಯಲ್ಲಿ ಮಾರ್ಚ್ ಕೊನೆಯ ವಾರ ಬಂತೆಂದರೆ ಕತ್ತಿನ ಸರ ಅಡವಿಟ್ಟವರೆಲ್ಲ ಇದ್ದಕ್ಕಿದ್ದಂತೆ ರೈತರಾಗಿಬಿಡುತ್ತಿದ್ದರು. ಅಂಥ ಚಿನ್ನದ ಸಾಲಕ್ಕೆ ಕೃಷಿ ಸಾಲ ಎಂದು ಎರಡು ಸಲ ನಾನೇ ಸಹಿ ಹಾಕಿದ್ದೇನೆ. ಗುರಿ ಇಟ್ಟ ಕಡೆ ಇದೂ ಇರುತ್ತದೆ. ಆದರೆ ಆ 18 ಇಲ್ಲದಿದ್ದರೆ ಹಳ್ಳಿ ಕಡೆ ಒಬ್ಬ ಮ್ಯಾನೇಜರೂ ತಲೆ ಹಾಕುತ್ತಿರಲಿಲ್ಲ ಅನ್ನುವುದೂ ನಿಜ. ಆದ್ದರಿಂದ ನನ್ನನ್ನು ಪರ ಎಂದೇ ಬರೆದುಕೊಳ್ಳಿ.

ವಿರೋಧ: ಮೊದಲು ಟೇಪು, ಆಮೇಲೆ ಟ್ಯಾಕ್ಸು
(ಬರೆದವರು ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಾರೆ, ಊರು ಕುಂದಾಪುರದ ಕಡೆ)

ಎದುರು ಬರೆಯುವವರು ಬ್ಯಾಂಕಿನವರಂತೆ. ಅಲ್ಲಿಗೇ ಅರ್ಧ ಗೊತ್ತಾಯಿತು. ನಮಗೆ ಕೊಡೆ ಕೊಡುವುದು ಬಿಸಿಲಿನಲ್ಲಿ, ವಾಪಸು ಕೇಳುವುದು ಮಳೆಯಲ್ಲಿ.

ಊರಲ್ಲಿ ಗದ್ದೆ ನೋಡಿಕೊಳ್ಳುವುದು ನಮ್ಮ ಅಕ್ಕ. ಎರಡು ಎಕರೆಗೂ ಕಡಿಮೆ, ಎಲ್ಲ ಬೈಲುಗದ್ದೆ. ಮೂರು ವರ್ಷದ ಹಿಂದೆ ನಾಟಿ ಮುಗಿದ ವಾರ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಯಾವುದೋ ಕಾರ್ಬನ್ ಕ್ರೆಡಿಟ್ ಕಂಪನಿ, ಅಂದರೆ ತಗ್ಗಿಸಿದ ಅನಿಲವನ್ನು ಲೆಕ್ಕ ಹಾಕಿ ಮಾರುವವರು. ಕೈಯಲ್ಲಿ ಒಂದಡಿ ಉದ್ದದ ಪಿವಿಸಿ ಪೈಪು, ಮೈತುಂಬ ತೂತು. ಅದನ್ನು ಗದ್ದೆಯಲ್ಲಿ ಅರ್ಧ ಹೂಳಬೇಕು. ಒಳಗೆ ಇಣುಕಿದರೆ ನೀರು ಎಷ್ಟು ಕೆಳಗಿದೆ ಅಂತ ಕಾಣುತ್ತದೆ. ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಇಳಿಯುವ ತನಕ ಹೊಸ ನೀರು ಬಿಡಬಾರದು. ಹೀಗೆ ಒಣಗಿಸಿ ನೆನೆಸಿ ಮಾಡಿದರೆ ಕೆಸರಿಗೆ ಗಾಳಿ ಹೋಗುತ್ತದೆ, ಮೀಥೇನ್ ಮಾಡುವ ಜೀವಾಣು ಅಡಗುತ್ತದೆ. ಒಪ್ಪುವ ಮಾತೇ. ಕೆಸರಿಗೆ ಕಾಲಿಟ್ಟಾಗ ಗುಳುಗುಳು ಅಂತ ಏಳುವ ಗುಳ್ಳೆ ಅದೇ ಅಂತ ನನಗೂ ಆಗಲೇ ಗೊತ್ತಾದದ್ದು. ಎಷ್ಟು ಉಳಿಯಿತೋ ಅಷ್ಟಕ್ಕೆ ದುಡ್ಡು ಬರುತ್ತದೆ ಅಂದರು.

ಪಂಜಾಬಿನಲ್ಲಿ ಸರಿ. ಬೋರ್‌ವೆಲ್ ಇದೆ, ಗುಂಡಿ ಒತ್ತಿದರೆ ನೀರು ನಿಲ್ಲುತ್ತದೆ. ನಮ್ಮದು ಕಾರ್ತಿ ಬೆಳೆ, ಅಂದರೆ ಮಳೆಗಾಲದ ಭತ್ತ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಮುಕ್ಕಾಲು ಪಾಲು ಹೊಯ್ಯುವುದು ಗದ್ದೆಯಲ್ಲಿ ಪೈರು ಇರುವಾಗಲೇ. ಅಕ್ಕ ಪೈಪನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳಂತೆ, "ಮಕ್ಳೇ, ಮಳಿಗೆ ಸ್ವಿಚ್ ಎಲ್ಲಿತ್ತ್?"

ಹುಡುಗರು ನಕ್ಕರು. ಪೈಪು ಹುಗಿದರು. ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಆಧಾರ್ ನಂಬರ್ ಬರೆದುಕೊಂಡು ಹೋದರು. ಹದಿನೈದು ದಿನಕ್ಕೆ ಪೈಪಿನೊಳಗೆ ಏಡಿ ಸಂಸಾರ ಹೂಡಿತು. ನೀರು 15 ಸೆಂಟಿಮೀಟರ್ ಇಳಿಯುವುದಿರಲಿ, ಅಷ್ಟೇ ಮೇಲೆ ನಿಂತಿತ್ತು. ಹುಡುಗರು ಮತ್ತೆ ಬರಲಿಲ್ಲ, ದುಡ್ಡೂ ಬರಲಿಲ್ಲ. ಆದರೆ ಆ ಫೋಟೋ ಎಲ್ಲೋ ಒಂದು ಫೈಲಿನಲ್ಲಿ ಕೂತಿದೆ. ಅಕ್ಕನ ಗದ್ದೆ ಇಷ್ಟು ಕಿಲೋ ಮೀಥೇನ್ ಉಳಿಸಿತು ಅಂತ ಅದರ ಕೆಳಗೆ ಬರೆದಿದ್ದಾರೋ ಏನೋ. ದೇಶದ ಲೆಕ್ಕ ಅಂತ ನೀವು ಹೊರಟರೆ ಹೀಗೇ ಕೋಟಿ ಫೋಟೋ ಸೇರುತ್ತದೆ, ಅಷ್ಟೆ.

ಇಲ್ಲಿನ ರೈತ ಯಾರು ಸ್ವಾಮಿ? 2015-16ರ ಕೃಷಿ ಗಣತಿಯಲ್ಲಿ ನೂರಕ್ಕೆ 86 ಹಿಡುವಳಿ ಎರಡು ಹೆಕ್ಟೇರಿಗಿಂತ ಚಿಕ್ಕದು. ತಲೆಗೆ ಹಂಚಿದರೆ ಒಬ್ಬ ಭಾರತೀಯನಿಂದ ಬೀಳುವ ಹಸಿರುಮನೆ ಅನಿಲ ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ. ಅದರಲ್ಲೂ ಗದ್ದೆಯವನ ಅಂಗಳದಲ್ಲಿ ಯಾವ ಕಾರು ನಿಂತಿದೆ, ಯಾವ ಎಸಿ ಓಡುತ್ತಿದೆ? ಅವನಿಗೆ ಮಾರ್ಕ್ಸ್ ಕಾರ್ಡಂತೆ!

ಬರೀ ಗುರಿ ತಾನೇ, ತೆರಿಗೆ ಅಲ್ಲವಲ್ಲ ಅನ್ನುತ್ತಾರೆ. ಡೆನ್ಮಾರ್ಕ್ ನೋಡಿ. 2030ರಿಂದ ಸಾಕುಪ್ರಾಣಿಗಳ ಅನಿಲಕ್ಕೆ ಟನ್ ಲೆಕ್ಕದಲ್ಲಿ ತೆರಿಗೆ ಅಂತ 2024ರಲ್ಲಿ ತೀರ್ಮಾನ ಮಾಡಿದರು. ನ್ಯೂಜಿಲೆಂಡ್ ಕೂಡ 2022ರಲ್ಲಿ ಹೊರಟಿತ್ತು. ರೈತರು ಟ್ರ್ಯಾಕ್ಟರ್ ಹಿಡಿದು ರಸ್ತೆಗಿಳಿದರು, ಸರ್ಕಾರ ಬದಲಾದ ಮೇಲೆ ಕೈಬಿಟ್ಟರು. 2019ರ ಗಣತಿ ಪ್ರಕಾರ ನಮ್ಮಲ್ಲಿ ದನ 19 ಕೋಟಿಗೂ ಜಾಸ್ತಿ, ಎಮ್ಮೆ ಸುಮಾರು 11 ಕೋಟಿ. ಅಷ್ಟು ಬಾಯಿಗೂ ತೇಗಿನ ಮೀಟರ್ ಕಟ್ಟುತ್ತೀರಾ? ನನ್ನ ಹೋಟೆಲಿಗೆ ಹಾಲು ಬರುವುದು ಜೋಗೇಶ್ವರಿಯ ಒಂದು ತಬೇಲದಿಂದ. ಬೆಳಗ್ಗೆ ನಾಲ್ಕಕ್ಕೆ ಕ್ಯಾನ್ ಇಳಿಸುವ ಭಯ್ಯಾನಿಗೆ ಇದನ್ನೆಲ್ಲ ಹೇಳಿದೆ. "ಸೇಠ್, ಎಮ್ಮೆ ಮೇವು ತಿಂದರೆ ತೇಗುತ್ತದೆ, ತೇಗದಿದ್ದರೆ ಡಾಕ್ಟರನ್ನು ಕರೆಯುತ್ತೇನೆ" ಅಂದ.

ಅಳೆಯಲೇಬೇಕು ಅಂದರೆ ತಿನ್ನುವವರನ್ನು ಅಳೆಯಿರಿ. 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಬಿಸಾಡಿತು ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಅದರಲ್ಲಿ ಶೇ. 60 ಮನೆಗಳದ್ದು, ಶೇ. 28 ಹೋಟೆಲು, ಕ್ಯಾಂಟೀನು ಇಂಥವರದ್ದು. ಆ 28ರಲ್ಲಿ ನಾನೂ ಇದ್ದೇನೆ, ತಪ್ಪಿಸಿಕೊಳ್ಳುವುದಿಲ್ಲ. ಹೋದ ವರ್ಷ ಹಸಿ ಕಸದ ಡ್ರಮ್ಮನ್ನು ದಿನಾ ರಾತ್ರಿ ತಕ್ಕಡಿಗೆ ಇಡಿಸಿದೆ. ಅಂಕಿಯನ್ನು ಪಾತ್ರೆ ತೊಳೆಯುವ ಕಡೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದೆ. ಮೊದಲ ದಿನ 61 ಕಿಲೋ. ನೋಡಿದರೆ ಅರ್ಧಕ್ಕರ್ಧ ಚಟ್ನಿ, ಸಾಂಬಾರು. ಕಪ್ಪು ತುಂಬ ಹಾಕಿ ಕೊಡುತ್ತಿದ್ದೆವು, ಗಿರಾಕಿ ಎರಡು ಸಲ ಅದ್ದಿ ಬಿಟ್ಟು ಹೋಗುತ್ತಿದ್ದ. ನಾನು ಯಾರಿಗೂ ಬೈಯಲಿಲ್ಲ, ಸಂಬಳ ಕಡಿಯಲಿಲ್ಲ. ಗೋಡೆ ನೋಡಿ ನೋಡಿ ಹುಡುಗರೇ ಸೌಟು ಚಿಕ್ಕದು ಮಾಡಿಕೊಂಡರು, ಕೇಳಿದವರಿಗೆ ಎರಡನೇ ಸಲ ಹಾಕಿದರು. ನಾಲ್ಕು ತಿಂಗಳಲ್ಲಿ 40ಕ್ಕಿಂತ ಕೆಳಗೆ ಬಂತು. ಸುಮ್ನೆ ಬರೆದದ್ದಕ್ಕೇ.

ಅದಕ್ಕೇ ಹೇಳುವುದು, ತಕ್ಕಡಿ ಪೇಟೆಯಲ್ಲಿ ಇಡಿ, ಗದ್ದೆಗೆ ತರಬೇಡಿ.

ಆ ಪೈಪು ಈಗ ಅಕ್ಕನ ಹಿತ್ತಿಲಲ್ಲಿದೆ. ಕೋಳಿ ಕೆದರದ ಹಾಗೆ ಮೆಣಸಿನ ಸಸಿಯ ಸುತ್ತ ಇಟ್ಟಿದ್ದಾಳೆ.