ಅನ್ಯಗ್ರಹದ ಮದುವೆಯಲ್ಲಿ ಭೂಮಿಯ ಖಳನಾಯಕನಿಗೇನು ಕೆಲಸ?

ಬಾಹ್ಯಾಕಾಶದ ಸಾಹಸಕಥೆಯಲ್ಲಿ ಮದುವೆಯ ದೃಶ್ಯವೊಂದು ಎದುರಾದರೆ, ಮುಂದೇನಾಗುತ್ತದೆ ಎಂಬುದನ್ನು ಪುಟ ತಿರುವದೆಯೇ ಹೇಳಿಬಿಡಬಹುದು. ಅಪಹರಣಕ್ಕೊಳಗಾದ ರಾಜಕುಮಾರಿ, ಅವಳನ್ನು ವರಿಸಿ ಗ್ರಹದ ಸಿಂಹಾಸನ ಏರಲು ಹೊಂಚುಹಾಕಿದ ದುಷ್ಟ, ಹತ್ತಿರವಾಗುತ್ತಿರುವ ಗಳಿಗೆ, ಕೊನೆಯ ಕ್ಷಣದಲ್ಲಿ ‘ನಿಲ್ಲಿಸಿ ಈ ಮದುವೆಯನ್ನು’ ಎಂದು ಗೋಡೆ ಒಡೆದು ನುಗ್ಗುವ ನಾಯಕ. ವರನಿಗೆ ನಾಲ್ಕು ಕೈಗಳಿರಬಹುದು, ಅತಿಥಿಗಳ ಚರ್ಮ ಹಸಿರಾಗಿರಬಹುದು, ಕಿಟಕಿಯಾಚೆ ಮೂರು ಚಂದ್ರರು ಬೆಳಗುತ್ತಿರಬಹುದು. ಆದರೆ ಆ ಮದುವೆಯೂ ಅದರ ಹಿಂದಿನ ಸಂಚೂ ಅಪ್ಪಟ ಭೂಮಿಯ ಸರಕುಗಳೇ ಆಗಿರುತ್ತವೆ. ಇಂಥ ಕಥೆಗಳನ್ನು ಚಿಕ್ಕಂದಿನಿಂದ ಚಪ್ಪರಿಸಿ ಓದಿದ ನನಗೆ, ಅಂಥದ್ದೊಂದನ್ನು ಬರೆಯಲು ಹೋಗಿ ಕೈಸುಟ್ಟುಕೊಂಡ ಮೇಲೆ ಉಳಿದಿರುವ ತಕರಾರು ಒಂದೇ: ಖಳನಾಯಕನ ಸಂಚು ಆ ಮದುವೆಯಲ್ಲಲ್ಲದೆ ಬೇರೆಲ್ಲಿಯೂ ನಡೆಯಲಾಗದಂತಿರಬೇಕು, ಆ ಮದುವೆಯೂ ಆ ಜೀವಿಗಳಲ್ಲಲ್ಲದೆ ಬೇರೆಯವರಲ್ಲಿ ಹುಟ್ಟಲಾಗದಂತಿರಬೇಕು.

1934ರಲ್ಲಿ ಅಲೆಕ್ಸ್ ರೇಮಂಡ್ ಅವರ ಲೇಖನಿಯಿಂದ ಚಿತ್ರಕಥೆಯಾಗಿ ಪತ್ರಿಕೆಗಳಲ್ಲಿ ಬರತೊಡಗಿದ ‘ಫ್ಲ್ಯಾಶ್ ಗಾರ್ಡನ್’ 1980ರಲ್ಲಿ ಮತ್ತೊಮ್ಮೆ ಬೆಳ್ಳಿತೆರೆಗೆ ಬಂದಾಗ, ಮೊಂಗೊ ಗ್ರಹದ ಚಕ್ರವರ್ತಿ ಮಿಂಗ್ ಭೂಮಿಯ ಹೆಣ್ಣು ಡೇಲ್ ಆರ್ಡನ್‌ಳನ್ನು ಮದುವೆಯಾಗಲು ಹೊರಡುತ್ತಾನೆ. ಆ ಮದುವೆಯಲ್ಲಿ ಮೊಳಗುವುದು, 1850ರಲ್ಲಿ ಮೊದಲು ರಂಗವೇರಿದ ಗೀತನಾಟಕವೊಂದಕ್ಕೆ ಜರ್ಮನಿಯ ವಾಗ್ನರ್ ರಚಿಸಿದ ವಧುವಿನ ಮೆರವಣಿಗೆಯ ರಾಗ. ‘ಕ್ವೀನ್’ ಎಂಬ ರಾಕ್ ತಂಡದ ಬ್ರಯಾನ್ ಮೇ ಅದನ್ನು ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ನುಡಿಸಿದ್ದಾರೆ. ಬೇಸರ ಬರುವವರೆಗೆ ವಧುವನ್ನು ಬಾಹ್ಯಾಕಾಶಕ್ಕೆ ಎಸೆಯುವುದಿಲ್ಲ ಎಂಬ ಅರ್ಥದ ಪ್ರಮಾಣವಚನವೂ ಅಲ್ಲಿದೆ. ಚಿತ್ರ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದೆ ಎಂಬುದು ಸ್ಪಷ್ಟವಿರುವುದರಿಂದ ನಾನೂ ನಕ್ಕಿದ್ದೇನೆ, ಈಗಲೂ ನಗುತ್ತೇನೆ. ಆದರೆ ನಗು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಮಿಂಗ್ ಈಗಾಗಲೇ ಚಕ್ರವರ್ತಿ. ಈ ಮದುವೆ ನಡೆಯದಿದ್ದರೂ ಅವನ ಅಧಿಕಾರಕ್ಕೆ ಕೂದಲೆಳೆಯಷ್ಟೂ ಕೊರತೆಯಿಲ್ಲ. ಮದುವೆ ಅಲ್ಲಿರುವುದು ನಾಯಕನ ರಾಕೆಟ್ ಬಂದು ಅಪ್ಪಳಿಸಲು ಒಂದು ಸಭಾಂಗಣ ಬೇಕಾಗಿತ್ತು ಎಂಬ ಕಾರಣಕ್ಕೆ ಮಾತ್ರ.

ಅದಕ್ಕಿಂತ ಬಹಳ ಹಿಂದೆಯೇ, 1912ರಲ್ಲಿ, ಎಡ್ಗರ್ ರೈಸ್ ಬರೋಸ್ ಧಾರಾವಾಹಿಯಾಗಿ ಬರೆದ ಮಂಗಳಲೋಕದ ಕಥೆ ಈ ವಿಷಯದಲ್ಲಿ ಹೆಚ್ಚು ಜಾಣತನ ತೋರಿತ್ತು. ಅಲ್ಲಿಯೂ ಶಾಂತಿಯ ಬೆಲೆಯಾಗಿ ಶತ್ರುರಾಜ್ಯದ ರಾಜಕುಮಾರ ಸಾಬ್ ಥಾನ್‌ನನ್ನು ವರಿಸಬೇಕಾಗಿ ಬಂದ ರಾಜಕುಮಾರಿ ಡೇಜಾ ಥೋರಿಸ್ ಇದ್ದಾಳೆ, ಮದುವೆಯ ನಡುವೆ ಕತ್ತಿ ಹಿರಿದು ನುಗ್ಗುವ ನಾಯಕನೂ ಇದ್ದಾನೆ. ಇಷ್ಟರವರೆಗೆ ಎಲ್ಲವೂ ಹಳೆಯ ಅರಮನೆಯ ಕಥೆಯೇ. ಆದರೆ ಆ ಲೋಕದಲ್ಲಿ ಒಂದು ಕಟ್ಟಳೆ ಇದೆ: ಗಂಡನನ್ನಾಗಲಿ, ನಿಶ್ಚಿತನಾದ ವರನನ್ನಾಗಲಿ ಕೊಂದವನನ್ನು ಹೆಣ್ಣು ಮದುವೆಯಾಗುವಂತಿಲ್ಲ. ನೊಣ ಹೊಡೆದಷ್ಟು ಸುಲಭವಾಗಿ ಎದುರಾಳಿಯನ್ನು ಮುಗಿಸಬಲ್ಲ ನಾಯಕ ಆ ಒಂದು ಕಟ್ಟಳೆಯಿಂದಾಗಿ ಕೈ ತಡೆದು ನಿಲ್ಲಬೇಕಾಗುತ್ತದೆ. ಕಥೆಯ ಉಳಿದ ಅಬ್ಬರ ನನಗೆ ಮರೆತುಹೋದರೂ ಆ ತಡೆದ ಕೈ ಮರೆತಿಲ್ಲ. ಅನ್ಯಲೋಕ ಅನ್ಯಲೋಕವೆನಿಸುವುದು ಅಂಥ ಕಡೆ. ನಾಲ್ಕು ಕೈಗಳಿಂದಲ್ಲ, ಕಟ್ಟಿಹಾಕಿದ ಎರಡು ಕೈಗಳಿಂದ.

ಈ ಜಾತಿಯ ಕಥೆಗಳಲ್ಲಿ ನನ್ನ ಮಟ್ಟಿಗೆ ಶಿಖರವೆಂದರೆ, 1967ರ ಸೆಪ್ಟೆಂಬರ್ 15ರಂದು ಪ್ರಸಾರವಾದ, ಥಿಯೊಡೋರ್ ಸ್ಟರ್ಜನ್ ಬರೆದ, ‘ಸ್ಟಾರ್ ಟ್ರೆಕ್’ ಎಂಬ ಟಿವಿ ಧಾರಾವಾಹಿಯ ಕಂತು. ಅದರಲ್ಲಿ, ಬಾಹ್ಯಾಕಾಶ ನೌಕೆಯೊಂದರ ಅಧಿಕಾರಿಯಾದ ಅನ್ಯಗ್ರಹದ ಸ್ಪಾಕ್‌ನ ಮೈಯೇ ಅವನನ್ನು ತವರು ಗ್ರಹದ ಮದುವೆಗೆ ಎಳೆದೊಯ್ಯುತ್ತದೆ. ತರ್ಕವನ್ನೇ ಉಸಿರಾಡುವ ಜನಾಂಗಕ್ಕೆ ಸಂಗಾತಿಯನ್ನು ಕೂಡದಿದ್ದರೆ ಸಾವೇ ಗತಿಯೆನ್ನುವ ಜ್ವರವೊಂದಿದೆ, ಅದನ್ನು ಆಡಿತೋರಿಸಲೂ ಅವರಿಗೆ ನಾಚಿಕೆ. ಏಳನೆಯ ವಯಸ್ಸಿನಲ್ಲೇ ಗೊತ್ತಾಗಿದ್ದ ವಧು ಟಿಪ್ರಿಂಗ್ ಮದುವೆಗೆ ಬದಲಾಗಿ ದ್ವಂದ್ವಯುದ್ಧ ಕೇಳುತ್ತಾಳೆ. ಅದು ಅವಳ ಹಕ್ಕು. ತನ್ನ ಪರವಾಗಿ ಹೋರಾಡಲು ಅವಳು ಆರಿಸುವುದು ತಾನು ಮೆಚ್ಚಿದ ಸ್ಟಾನ್‌ನನ್ನಲ್ಲ, ಸ್ಪಾಕ್‌ನ ಜೀವದ ಗೆಳೆಯ ಕರ್ಕ್‌ನನ್ನು. ಕರ್ಕ್ ಗೆದ್ದರೆ ಅವನಿಗೆ ಅವಳು ಬೇಡ; ಸ್ಪಾಕ್ ಗೆದ್ದರೆ, ಇಂಥ ಸವಾಲು ಹಾಕಿದವಳನ್ನು ಬಿಟ್ಟುಬಿಡುತ್ತಾನೆ; ಒಂದು ವೇಳೆ ಬಿಡದಿದ್ದರೂ ಅವನು ನೌಕೆಯೇರಿ ದೂರ ಹೋಗುತ್ತಾನೆ, ಹೆಸರು ಆಸ್ತಿ ಅವಳಿಗುಳಿಯುತ್ತವೆ, ಸ್ಟಾನ್ ಪಕ್ಕದಲ್ಲೇ ಇರುತ್ತಾನೆ. ಯಾವ ದಾರಿಯಲ್ಲಿ ಹೋದರೂ ಅವಳ ಮನೆಯೇ ಸಿಗುವಂಥ ಲೆಕ್ಕಾಚಾರ. ಸುಳ್ಳಿಲ್ಲ, ವಿಷವಿಲ್ಲ, ಅಡಗಿಸಿಟ್ಟ ಬಾಂಬಿಲ್ಲ. ಆ ಸಂಪ್ರದಾಯವನ್ನು ಅಕ್ಷರಶಃ ಪಾಲಿಸುವುದೇ ಸಂಚು. ಸಂಚಿಗೆ ಬಲಿಯಾದ ಸ್ಪಾಕ್ ಸ್ವತಃ ಅವಳ ತರ್ಕವನ್ನು ಮೆಚ್ಚಿಕೊಳ್ಳುತ್ತಾನೆ ಎಂಬಲ್ಲಿಗೆ, ಅವಳನ್ನು ಖಳನಾಯಕಿ ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಪರಜೀವಿಗಳ ಮದುವೆಯನ್ನು ಕಲ್ಪಿಸುವುದು ಕಷ್ಟ ಎಂಬ ನೆಪ ಹೂಡುವವರು ಈ ಭೂಮಿಯ ಮೇಲಿನ ಹುಳುಹುಪ್ಪಟೆಗಳನ್ನೇ ಸರಿಯಾಗಿ ನೋಡಿಲ್ಲವೆಂದು ನನ್ನ ಅನುಮಾನ. ಪಿಸೌರಾ ಮಿರಾಬಿಲಿಸ್ ಎಂಬ ಜೇಡದ ಗಂಡು ತನ್ನ ಹೆಣ್ಣಿಗೆ ಬೇಟೆಯನ್ನು ರೇಷ್ಮೆಯಲ್ಲಿ ಸುತ್ತಿ ಉಡುಗೊರೆ ಕೊಡುತ್ತದೆ. ಕೆಲವು ಕಿಲಾಡಿಗಳು ಒಳಗೆ ತಿಂದುಳಿದ ಸಿಪ್ಪೆಯನ್ನಿಟ್ಟು ಹೊರಗೆ ರೇಷ್ಮೆ ಸುತ್ತಿ ಕೆಲಸ ಸಾಧಿಸಿಕೊಳ್ಳುತ್ತವೆ. ಫೋಟ್ಯೂರಿಸ್ ಕುಲದ ಹೆಣ್ಣು ಮಿಂಚುಹುಳುಗಳು ಬೇರೆ ಜಾತಿಯ ಹೆಣ್ಣಿನ ಮಿನುಗಿನ ಸಂಕೇತವನ್ನು ನಕಲು ಮಾಡಿ, ನಂಬಿ ಬಂದ ಗಂಡನ್ನು ತಿಂದುಬಿಡುತ್ತವೆ. ಸ್ಕಿಜೊಫಿಲಮ್ ಕಮ್ಯೂನ್ ಎಂಬ ಅಣಬೆಯಲ್ಲಿ ಗಂಡು ಹೆಣ್ಣೆಂಬ ಎರಡೇ ಬಗೆಗಳ ಬದಲು 20,000ಕ್ಕೂ ಹೆಚ್ಚು ಕೂಡುವ ಬಗೆಗಳಿವೆ. ಆ ಅಣಬೆಯ ವಂಶದಿಂದ ಬುದ್ಧಿಜೀವಿಗಳು ವಿಕಾಸಗೊಂಡಿದ್ದರೆ ಅವರ ಮದುವೆಯ ದಲ್ಲಾಳಿ ಎಂಥ ಪ್ರಭಾವಿಯಾಗಿರುತ್ತಿದ್ದ ಎಂದು ಯೋಚಿಸಿ ನೋಡಿ. ಖಳನಾಯಕನನ್ನು ಬೇರೆ ಹುಡುಕಬೇಕಾಗಿಯೇ ಇಲ್ಲ.

ಇಷ್ಟೆಲ್ಲ ಹೇಳುವ ನಾನು ಮೊದಲ ಸಲ ಬರೆದದ್ದೇನು? ಉಂಗುರದೊಳಗೆ ಅಡಗಿಸಿಟ್ಟ ಬಾಂಬಿನ ಕಥೆ. ಅದನ್ನು ಓದಿದ ಗೆಳೆಯನೊಬ್ಬ, ಇದೇ ಬಾಂಬನ್ನು ಹುಟ್ಟುಹಬ್ಬದ ಉಡುಗೊರೆಯಲ್ಲಿ ಇಟ್ಟಿದ್ದರೆ ಕಥೆಯಲ್ಲಿ ಏನು ಬದಲಾಗುತ್ತಿತ್ತು ಎಂದು ಕೇಳಿದ. ಏನೂ ಬದಲಾಗುತ್ತಿರಲಿಲ್ಲ. ಹಸ್ತಪ್ರತಿಯನ್ನು ಕಟ್ಟಿಟ್ಟೆ.

ಎರಡನೆಯ ಸಲ ಬಾಂಬು, ಅಪಹರಣ, ಕೊನೆಯ ಕ್ಷಣದ ಕೂಗು ಎಲ್ಲವನ್ನೂ ಬಿಟ್ಟು ಮದುವೆಯ ಕಾನೂನಿನಿಂದಲೇ ಶುರುಮಾಡಿದೆ. ಎರಡು ಕುಲಗಳು, ಎರಡು ನೆಲೆಗಳು, ನಡುವೆ ಒಂದು ಬೆಳಕಿನ ಗಂಟೆಯ ದೂರ, ಎಂದರೆ ಸುಮಾರು 108 ಕೋಟಿ ಕಿಲೋಮೀಟರ್. ವಧೂವರರು ತಂತಮ್ಮ ನೆಲೆಯಲ್ಲಿ ನಿಂತು ಒಂದೇ ಕ್ಷಣದಲ್ಲಿ ಒಪ್ಪಿಗೆ ನುಡಿಯಬೇಕು. ಯಾರ ಒಪ್ಪಿಗೆ ಮೊದಲು ಬಂತೋ ಅವರ ಕುಲದ ಆಸ್ತಿ ಇನ್ನೊಬ್ಬರ ಪಾಲು. ದಾಖಲೆ ಬರೆಯುವ ಅಧಿಕಾರ ಮೂರನೆಯ ಕುಲದ ನೌಕೆಯಲ್ಲಿ ಕುಳಿತ ಲಿಪಿಕಾರನದು, ಮತ್ತು ಪದ್ಧತಿಯಂತೆ ಆ ನೌಕೆ ಬೆಳಕಿನ ಅರ್ಧದಷ್ಟು ವೇಗದಲ್ಲಿ ಚಲಿಸುತ್ತಿರಬೇಕು. 1905ರಲ್ಲಿ ಐನ್‌ಸ್ಟೈನ್ ತೋರಿಸಿಕೊಟ್ಟಂತೆ, ದೂರದ ಎರಡು ಘಟನೆಗಳು ಏಕಕಾಲದಲ್ಲಿ ನಡೆದವೇ ಎಂಬುದು ನೋಡುವವನ ಚಲನೆಯನ್ನು ಅವಲಂಬಿಸಿದೆ. ವರನ ನೆಲೆಯಿಂದ ವಧುವಿನ ನೆಲೆಯತ್ತ ನೌಕೆ ಆ ವೇಗದಲ್ಲಿ ನೇರ ಸಾಗುತ್ತಿದ್ದರೆ, ಬೆಳಕು ಬಂದು ತಲುಪಲು ಹಿಡಿದ ಹೊತ್ತನ್ನೆಲ್ಲ ಪ್ರಾಮಾಣಿಕವಾಗಿ ಕಳೆದ ಮೇಲೂ, ಲಿಪಿಕಾರನ ಲೆಕ್ಕದಲ್ಲಿ ವಧುವಿನ ಒಪ್ಪಿಗೆ ಸುಮಾರು 35 ನಿಮಿಷ ಮೊದಲು ಬಿದ್ದಿರುತ್ತದೆ. ಆದ್ದರಿಂದ ನನ್ನ ಖಳನಾಯಕ ಯಾರನ್ನೂ ಕೊಲ್ಲುವುದಿಲ್ಲ, ಲಿಪಿಕಾರನಿಗೆ ಲಂಚವನ್ನೂ ಕೊಡುವುದಿಲ್ಲ. ಚಾಲಕನ ಕಿವಿಯಲ್ಲಿ ಒಂದು ದಿಕ್ಕನ್ನು ಉಸುರುತ್ತಾನೆ, ಅಷ್ಟೇ.

ತೊಡಕು ಬಂದದ್ದು ನಾಯಕಿಯಿಂದ. ಅವಳು ಅಳುತ್ತ ಕೂರುವವಳಲ್ಲ, ಭೌತಶಾಸ್ತ್ರ ಓದಿದವಳು. ಇನ್ನೊಬ್ಬ ಲಿಪಿಕಾರನನ್ನು ಅಷ್ಟೇ ವೇಗದ ಇನ್ನೊಂದು ನೌಕೆಯಲ್ಲಿ ಕೂರಿಸಿ ಎದುರು ದಿಕ್ಕಿಗೆ ಅಟ್ಟಿದ್ದಾಳೆ. ಈಗ ನ್ಯಾಯಸಭೆಯ ಮೇಜಿನ ಮೇಲೆ ಎರಡು ದಾಖಲೆಗಳಿವೆ. ಒಂದರ ಪ್ರಕಾರ ವಧು 35 ನಿಮಿಷ ಮೊದಲು, ಇನ್ನೊಂದರ ಪ್ರಕಾರ ವರ 35 ನಿಮಿಷ ಮೊದಲು. ಎರಡರಲ್ಲೂ ಒಂದಕ್ಷರದ ಸುಳ್ಳಿಲ್ಲ. ನ್ಯಾಯಾಧೀಶರು ಎರಡನ್ನೂ ಮತ್ತೆ ಮತ್ತೆ ತಿರುವಿಹಾಕುತ್ತಿದ್ದಾರೆ, ಖಳನಾಯಕ ಮೊದಲ ಬಾರಿಗೆ ಬೆವರುತ್ತಿದ್ದಾನೆ, ಕಳೆದ ಮೂರು ವಾರಗಳಿಂದ ನನ್ನ ಹಸ್ತಪ್ರತಿ ಅದೇ ಪುಟದಲ್ಲಿ ನಿಂತಿದೆ.