ಶಿಕ್ಷೆಯ ಜೊತೆಗೆ ನೆರವಿನ ವಿಷಯವೂ ತಿಳಿಯಲಿ

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿರುವ ಶಿಕ್ಷೆಗಳನ್ನು ನಾನು ಓದಿದ ಲೇಖನವೊಂದು ಚೆನ್ನಾಗಿ ವಿವರಿಸಿದೆ. ಆದರೆ ಹೆದರಿ ಕುಳಿತ ತಂದೆತಾಯಿಗೆ ಮೊದಲು ತಿಳಿಯಬೇಕಾದದ್ದು ಬೇರೆಯೇ ಇದೆ. ಹೇಳಿಕೆ ಕೊಡಿಸಲು ಮಗುವನ್ನು ಠಾಣೆಗೆ ಕರೆದೊಯ್ಯಬೇಕಿಲ್ಲ; ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರ ಧರಿಸದೆ ಬಂದು ಪೊಲೀಸರು ಬರೆದುಕೊಳ್ಳಬೇಕು. ನ್ಯಾಯಾಲಯದಲ್ಲೂ ಆರೋಪಿಯ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ವಕೀಲರಿಗೆ ಕೊಡಲು ಹಣವಿಲ್ಲವೆಂದು ದಯವಿಟ್ಟು ಸುಮ್ಮನಾಗಬೇಡಿ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿಯೇ ಒದಗಿಸುತ್ತದೆ. ಮಕ್ಕಳ ಸಹಾಯವಾಣಿ 1098.

ಇನ್ನು, ‘ಮರ್ಯಾದೆ ಹೋಗುತ್ತದೆ’ ಎಂದು ರಾಜಿ ಮಾಡಿಸುವ ಹಿರಿಯರ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರ ಮರ್ಯಾದೆ? ಕೃತ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಈ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ.