ಜೂನ್ 19ರ ಮೆಸೇಜ್ ಬಗ್ಗೆ ಸ್ಪಷ್ಟನೆ

"1865ರ ಜೂನ್ 19ರಂದು ಜನರಲ್ ಗೋರ್ಡನ್ ಗ್ರೇಂಜರ್ ಇಡೀ ಅಮೆರಿಕದ ಗುಲಾಮಗಿರಿ ಕೊನೆಗೊಳಿಸಿದರು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು.

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಯೂನಿಯನ್ (ಅಮೆರಿಕದ ಒಕ್ಕೂಟ ಸರ್ಕಾರದ) ಸೇನೆಯೊಂದಿಗೆ ಟೆಕ್ಸಾಸ್‌ಗೆ ಬಂದವರು ಗ್ರೇಂಜರ್. ಗ್ಯಾಲ್ವೆಸ್ಟನ್‌ನಲ್ಲಿ ಅವರು ಹೊರಡಿಸಿದ 3ನೇ ಜನರಲ್ ಆರ್ಡರ್ ಟೆಕ್ಸಾಸ್ ಜನರಿಗೆ ಮಾತ್ರ. ಅಧ್ಯಕ್ಷ ಲಿಂಕನ್ 1863ರ ಜನವರಿ 1ರಂದೇ ಘೋಷಿಸಿದ್ದ ಬಿಡುಗಡೆಯನ್ನು ಅದು ಅಲ್ಲಿ ಸಾರಿತು, ಅಷ್ಟೇ. ಬಿಡುಗಡೆಯಾದವರು ಸುಮ್ನೆ ಇದ್ದಲ್ಲೇ ಇದ್ದು ಕೂಲಿಗೆ ದುಡಿಯಲಿ ಎಂಬ ಬುದ್ಧಿಮಾತೂ ಅದೇ ಆದೇಶದಲ್ಲಿತ್ತು! ಗುಲಾಮಗಿರಿ ಇದ್ದರೂ ಯೂನಿಯನ್ ಬಿಡದ ರಾಜ್ಯಗಳಾದ ಕೆಂಟಕಿ, ಡೆಲವೇರ್‌ಗೆ ಲಿಂಕನ್ ಘೋಷಣೆ ಅನ್ವಯಿಸಿರಲಿಲ್ಲ. ಅಲ್ಲಿ ಗುಲಾಮಗಿರಿ ನಿಂತದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿ ಬಂದಾಗ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.